ಗಣಕಯಂತ್ರ ಮತ್ತು ಅಂತರ್ಜಾಲ: ಜಮೀನುದಾರರು ತಿಳಿದಿರತಕ್ಕ ಮೊದಲ ಮಾತುಗಳು

ಜಮೀನಿನ ಪಹಣಿಯು ಒಂದು ಕಾಲದಲ್ಲಿ ಶ್ಯಾನುಭೋಗರ ದಫ್ತರದಲ್ಲಿರುತ್ತಿದ್ದಿತು. ಅದನ್ನು ನೋಡಬೇಕಾದವನು ಅವರ ಮನೆಯ ಜಗಲಿಗೆ ಹೋಗಿ, ಅವರಿಗೆ ಬಿಡುವಾಗುವವರೆಗೆ ಕಾದು, ಕೈಬರಹದ ನಕಲನ್ನು ಪಡೆದು ಬರುತ್ತಿದ್ದನು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದ ಮೇಲೆ ಆ ದಫ್ತರವು ಗ್ರಾಮ ಲೆಕ್ಕಿಗರ ವಶಕ್ಕೆ ಬಂದಿತು. ಈಗ ಅದು ಗಣಕಯಂತ್ರದಲ್ಲಿದೆ. ಪಹಣಿಯೊಂದೇ ಅಲ್ಲ, ಬೆಳೆಯ ವಿಮೆ, ಬೆಳೆ ಸಮೀಕ್ಷೆ, ಸಹಾಯಧನ, ಸಹಕಾರ ಸಂಘದ ಸಾಲ, ಮಾರುಕಟ್ಟೆಯ ಧಾರಣೆ, ಬ್ಯಾಂಕಿನ ಲೆಕ್ಕ ಇವೆಲ್ಲವೂ ಇಂದು ಅದೇ ಯಂತ್ರದ ಮೂಲಕ ನಡೆಯುತ್ತಿವೆ. ಆದಕಾರಣ ಜಮೀನುಳ್ಳ ಯಾವನೂ ಈ ಯಂತ್ರವು ತನಗೆ ಸಂಬಂಧಿಸಿದ್ದಲ್ಲವೆಂದು ಹೇಳುವ ಹಾಗಿಲ್ಲ.

ಆದರೆ ಯಂತ್ರವು ಹಳ್ಳಿಗೆ ಬಂದಷ್ಟು ಬೇಗನೆ ಅದರ ಮಾತುಗಳ ಅರ್ಥವು ಬರಲಿಲ್ಲ. ಸರ್ವರು, ಲಿಂಕು, ಆ್ಯಪು, ಪಾಸ್‌ವರ್ಡು, ಒ.ಟಿ.ಪಿ. ಎಂಬ ಶಬ್ದಗಳನ್ನು ಎಲ್ಲರೂ ಕೇಳಿರುವರು; ಅವುಗಳ ಅರ್ಥವನ್ನು ವಿಚಾರಿಸಿದವರು ಕಡಮೆ. ಅನೇಕರು ತಮ್ಮ ಮೊಬೈಲನ್ನೇ ಎದುರಿಗಿದ್ದವರ ಕೈಗೆ ಕೊಟ್ಟು, 'ನೀವೇ ನೋಡಿ ಮಾಡಿಕೊಡಿ ಸ್ವಾಮಿ' ಎಂದುಬಿಡುವರು. ಮನೆಯ ಕಬ್ಬಿಣದ ಪೆಟ್ಟಿಗೆಯ ಬೀಗದಕೈಯನ್ನು ದಾರಿಹೋಕನ ಕೈಗೆ ಎಂದೂ ಕೊಡದಿದ್ದ ಯಜಮಾನನು, ಅದಕ್ಕಿಂತ ದೊಡ್ಡ ಪೆಟ್ಟಿಗೆಯ ಬೀಗದಕೈಯನ್ನು ತಿಳಿಯದೆ ಕೊಡುವಂತಾಗಿದೆ. ಮಾತಿನ ಅರ್ಥವು ತಿಳಿದರೆ ಯಾವುದನ್ನು ತೋರಿಸಬಹುದು, ಯಾವುದನ್ನು ತೋರಿಸಕೂಡದು ಎಂಬುದೂ ತಾನಾಗಿ ತಿಳಿಯುವುದು. ಈ ಉದ್ದೇಶದಿಂದ ಮುಖ್ಯವಾದ ಕೆಲವು ಮಾತುಗಳನ್ನು ಇಲ್ಲಿ ವಿವರಿಸಲಾಗಿದೆ.

೧. ಯಂತ್ರದ ಸ್ವರೂಪ

ಗಣಕಯಂತ್ರ ಅಥವಾ ಕಂಪ್ಯೂಟರೆಂಬುದು, ಕೊಟ್ಟ ಸಂಗತಿಗಳನ್ನು ಹೇಳಿದ ಕ್ರಮದಲ್ಲಿ ಲೆಕ್ಕಮಾಡಿ, ಫಲವನ್ನು ತೋರಿಸಿ, ಬೇಕಾದರೆ ಜೋಪಾನವಾಗಿ ಇಟ್ಟುಕೊಳ್ಳುವ ಯಂತ್ರ. ಭಾರತಕ್ಕೆ ಇಂಥ ಮೊದಲ ಯಂತ್ರವು ೧೯೫೫ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಿತು. ಆಗ ಅದು ದೊಡ್ಡ ವಿದ್ಯಾಸಂಸ್ಥೆಗಳಿಗೆ ಮಾತ್ರ ಎಟುಕುವ ವಸ್ತುವಾಗಿತ್ತು. ಈಗ ರೈತನ ಅಂಗಿಯ ಜೇಬಿನಲ್ಲಿರುವ ಮೊಬೈಲು ಸಹ ಒಂದು ಪೂರ್ಣವಾದ ಗಣಕಯಂತ್ರವೇ ಆಗಿದೆ.

ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಭಾಗಗಳಿಗೆ ಯಂತ್ರಾಂಶ ಅಥವಾ ಹಾರ್ಡ್‌ವೇರ್ ಎಂದು ಹೆಸರು. ಅಕ್ಷರಗಳನ್ನು ಒತ್ತುವ ಕೀಲಿಮಣೆ, ಫಲವು ಕಾಣುವ ಪರದೆ, ಕಾಗದದ ಮೇಲೆ ಅಚ್ಚು ತೆಗೆಯುವ ಪ್ರಿಂಟರು ಇವು ಈ ವರ್ಗಕ್ಕೆ ಸೇರಿದವು. ಯಂತ್ರವು ಏನು ಮಾಡಬೇಕೆಂದು ಕ್ರಮವಾಗಿ ಬರೆದಿಟ್ಟ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶ ಅಥವಾ ಸಾಫ್ಟ್‌ವೇರ್ ಎಂದು ಹೆಸರು. ಗಾಣವೂ ಎತ್ತೂ ಇದ್ದ ಮಾತ್ರಕ್ಕೆ ಎಣ್ಣೆ ಬಾರದು. ಎಷ್ಟು ಕಾಳು ಹಾಕಬೇಕು, ಯಾವಾಗ ಹಿಂಡಿ ತೆಗೆಯಬೇಕು ಎಂಬ ಕ್ರಮವನ್ನು ಬಲ್ಲವನು ಬೇಕು. ಆ ಕ್ರಮದ ಸ್ಥಾನದಲ್ಲಿರುವುದೇ ತಂತ್ರಾಂಶ. ಒಂದೊಂದು ಕೆಲಸಕ್ಕೆಂದು ಮೊಬೈಲಿನಲ್ಲಿ ಹಾಕಿಕೊಳ್ಳುವ ಚಿಕ್ಕ ತಂತ್ರಾಂಶಕ್ಕೆ ಆ್ಯಪು ಎನ್ನುವರು.

ಯಂತ್ರದ ನೆನಪು ಎರಡು ಬಗೆ. ಕೆಲಸ ನಡೆಯುವಾಗ ಮಾತ್ರ ಉಪಯೋಗಕ್ಕೆ ಬರುವ ನೆನಪು ಕಣವಿದ್ದಂತೆ. ಬಹುಕಾಲ ಉಳಿಯುವ ನೆನಪು ಹಗೇವಿದ್ದಂತೆ. ಕಣದಲ್ಲಿ ರಾಶಿಮಾಡಿದ ಧಾನ್ಯವನ್ನು ಹಗೇವಿಗೆ ತುಂಬದೆ ಬಿಟ್ಟರೆ ಮಳೆಗೆ ಹಾಳಾಗುವ ಹಾಗೆ, ಯಂತ್ರದಲ್ಲಿ ಬರೆದುದನ್ನು ಉಳಿಸದೆ ಬಿಟ್ಟರೆ ವಿದ್ಯುಚ್ಛಕ್ತಿಯು ನಿಂತೊಡನೆ ಅದು ಹೋಗಿಬಿಡುವುದು. ಹೀಗೆ ಹಗೇವಿಗೆ ತುಂಬುವ ಕ್ರಿಯೆಗೆ 'ಸೇವ್' ಮಾಡುವುದೆಂದು ಹೆಸರು. ಉಳಿಸಿದ ಒಂದೊಂದು ಬರಹ ಅಥವಾ ಚಿತ್ರವು ಒಂದೊಂದು ಕಡತ, ಎಂದರೆ ಫೈಲು. ಕಡತಗಳನ್ನು ಸೇರಿಸಿಟ್ಟ ಕಟ್ಟಿಗೆ ಫೋಲ್ಡರು ಎನ್ನುವರು.

ಈ ನೆನಪನ್ನು ಅಳೆಯುವುದಕ್ಕೂ ಮಾಪುಗಳುಂಟು. ದೀಪವು ಉರಿಯುವುದು ಅಥವಾ ಆರಿರುವುದು ಎಂಬಂತೆ ಎರಡೇ ಸ್ಥಿತಿಗಳುಳ್ಳ ಅತ್ಯಲ್ಪ ಗುರುತಿಗೆ ಬಿಟ್ ಎಂದು ಹೆಸರು. ಅಂಥ ೮ ಬಿಟ್ಟುಗಳು ಸೇರಿ ಒಂದು ಬೈಟು. ಪಾವು, ಸೇರು, ಕೊಳಗ, ಖಂಡುಗಗಳಿರುವ ಹಾಗೆ, ಸುಮಾರು ೧,೦೦೦ ಬೈಟುಗಳಿಗೆ ಒಂದು ಕೆ.ಬಿ., ಸುಮಾರು ೧,೦೦೦ ಕೆ.ಬಿ.ಗೆ ಒಂದು ಎಂ.ಬಿ., ಸುಮಾರು ೧,೦೦೦ ಎಂ.ಬಿ.ಗೆ ಒಂದು ಜಿ.ಬಿ. ಮೊಬೈಲಿನವರು ದಿನಕ್ಕೆ ಇಷ್ಟು ಜಿ.ಬಿ. ಎಂದು ಮಾರುವುದು ಈ ಮಾಪಿನಿಂದಲೇ. ಒಂದು ಪುಟದ ಬರಹಕ್ಕೆ ಕೆಲವೇ ಕೆ.ಬಿ. ಸಾಕು, ಚಲಚ್ಚಿತ್ರಗಳನ್ನು ನೋಡತೊಡಗಿದರೆ ಜಿ.ಬಿ.ಯು ಬೇಗನೆ ತೀರುವುದು. ಪಹಣಿ ನೋಡುವುದಕ್ಕೆ ಹೆಚ್ಚು ಹಣ ಬೇಕಾದೀತೆಂಬ ಭಯಕ್ಕೆ ಆಧಾರವಿಲ್ಲ.

೨. ಯಂತ್ರದಲ್ಲಿ ಕನ್ನಡ

ಈ ಯಂತ್ರಕ್ಕೆ ಇಂಗ್ಲಿಷು ಮಾತ್ರವೇ ಬರುವುದೆಂದು ಹಿಂಜರಿಯುವವರು ಇನ್ನೂ ಇರುವರು. ಇದು ತಪ್ಪು ತಿಳುವಳಿಕೆ. ಯಂತ್ರಕ್ಕೆ ಯಾವ ಭಾಷೆಯೂ ಬಾರದು. ಅದು ಒಂದೊಂದು ಅಕ್ಷರವನ್ನೂ ಒಂದೊಂದು ಸಂಖ್ಯೆಯಾಗಿ ಮಾತ್ರ ಬಲ್ಲದು. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ನಿಶ್ಚಿತ ಸಂಖ್ಯೆಯನ್ನು ಕೊಟ್ಟಿರುವ ಏರ್ಪಾಡಿಗೆ ಯೂನಿಕೋಡು ಎಂದು ಹೆಸರು. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕನ್ನಡವನ್ನು ಉಚ್ಚಾರಣೆಗೆ ಅನುಸಾರವಾಗಿ ಸುಲಭವಾಗಿ ಒತ್ತುವ ಕೀಲಿಮಣೆಯ ವಿನ್ಯಾಸವನ್ನು ಶ್ರೀಮಾನ್ ಕೆ. ಪಿ. ರಾವ್ ಅವರು ರೂಪಿಸಿದರು. ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ 'ನುಡಿ' ತಂತ್ರಾಂಶವು ಸರ್ಕಾರದ ಕಚೇರಿಗಳಲ್ಲಿ ಬಳಕೆಗೆ ಬಂದಿತು.

ಯೂನಿಕೋಡಿಗೆ ಮೊದಲು ಒಂದೊಂದು ತಂತ್ರಾಂಶವೂ ತನ್ನದೇ ಆದ ಸಂಖ್ಯೆಗಳನ್ನು ಉಪಯೋಗಿಸುತ್ತಿದ್ದಿತು. ಆದುದರಿಂದಲೇ ಹಳೆಯ ಕನ್ನಡ ಕಡತವನ್ನು ಬೇರೊಂದು ಯಂತ್ರದಲ್ಲಿ ತೆರೆದಾಗ ಕೆಲವು ವೇಳೆ ಅರ್ಥವಿಲ್ಲದ ಇಂಗ್ಲಿಷು ಅಕ್ಷರಗಳು ಕಾಣುವುದುಂಟು. ಅದು ಕಡತವು ಹಾಳಾದುದರ ಗುರುತಲ್ಲ. ಸಂಖ್ಯೆಗಳನ್ನು ಓದುವ ಕೀಲಿ ಬೇರೆಯಾಗಿದೆಯೆಂದು ತಿಳಿಯತಕ್ಕದ್ದು. ಅಂಥ ಕಾಗದವನ್ನು ಹರಿದು ಬಿಸಾಡದೆ, ತಿಳಿದವರಿಂದ ಯೂನಿಕೋಡಿಗೆ ಪರಿವರ್ತನೆ ಮಾಡಿಸಿಕೊಳ್ಳಬೇಕು.

೩. ಅಂತರ್ಜಾಲವೆಂಬ ಕಾಲುವೆ

ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ಒಂದರಲ್ಲಿರುವ ಸಂಗತಿಯು ಇನ್ನೊಂದಕ್ಕೆ ಹೋಗುವಂತೆ ಮಾಡಿರುವ ಜಗದ್ವ್ಯಾಪಕವಾದ ಏರ್ಪಾಡೇ ಅಂತರ್ಜಾಲ ಅಥವಾ ಇಂಟರ್ನೆಟ್ಟು. ಇದರ ಬೀಜವು ಅಮೆರಿಕಾದಲ್ಲಿ ಬಿತ್ತಲ್ಪಟ್ಟಿತು. ೧೯೬೯ನೆಯ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಯಂತ್ರದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ 'ಲಾಗಿನ್' ಎಂಬ ಐದಕ್ಷರದ ಇಂಗ್ಲಿಷು ಮಾತನ್ನು ಕಳುಹಿಸಲು ಪ್ರಯತ್ನಿಸಿದರು. ಎರಡು ಅಕ್ಷರಗಳು ತಲಪಿದೊಡನೆ ಆಚೆಯ ಯಂತ್ರವು ನಿಂತುಹೋಯಿತು! ಹೀಗೆ ಮುಗ್ಗರಿಸಿ ಹೊರಟ ಏರ್ಪಾಡು ಕ್ರಮೇಣ ಜಗತ್ತನ್ನೆಲ್ಲಾ ವ್ಯಾಪಿಸಿತು. ಭಾರತದಲ್ಲಿ ಇದು ೧೯೯೫ನೆಯ ಆಗಸ್ಟ್ ೧೫ರಂದು ಸಾರ್ವಜನಿಕರಿಗೆ ದೊರೆಯುವಂತಾಯಿತು.

ನೀರಾವರಿಯನ್ನು ಬಲ್ಲ ಜಮೀನುದಾರರಿಗೆ ಇದರ ಕ್ರಮವು ಸುಲಭವಾಗಿ ತಿಳಿಯುವುದು. ದೊಡ್ಡ ಕೆರೆಯಿಂದ ಹಿರಿಯ ಕಾಲುವೆ, ಅದರಿಂದ ಕಿರುಗಾಲುವೆ, ಅದರಿಂದ ಗದ್ದೆಯ ಬಾಯಿಗೆ ನೀರು ಹರಿಯುವಂತೆ, ಸಮುದ್ರದ ತಳದಲ್ಲಿ ಹಾಸಿದ ಗಾಜಿನ ಎಳೆಯ ತಂತಿಗಳ ಮೂಲಕ ಮುಂಬಯಿ, ಚೆನ್ನೈ ಮೊದಲಾದ ಕರಾವಳಿಯ ಪಟ್ಟಣಗಳಿಗೂ, ಅಲ್ಲಿಂದ ನೆಲದೊಳಗಿನ ತಂತಿಗಳ ಮೂಲಕ ಜಿಲ್ಲೆ ತಾಲ್ಲೂಕುಗಳಿಗೂ, ಅಲ್ಲಿಂದ ಗೋಪುರದ ಮೂಲಕ ಗಾಳಿಯಲ್ಲಿ ಮೊಬೈಲಿಗೂ ಸಂಗತಿಗಳು ಹರಿದು ಬರುವುವು. ಯಾವ ನೀರು ಯಾವ ಗದ್ದೆಗೆ ಹೋಗಬೇಕೆಂದು ತಿರುವಿಬಿಡುವ ನೀರುಗಂಟಿಯ ಕೆಲಸವನ್ನು ಇಲ್ಲಿ ರೌಟರೆಂಬ ಉಪಕರಣವು ಮಾಡುವುದು. ಕಾಲುವೆಯ ಅಗಲಕ್ಕೆ ಸಮನಾದುದನ್ನು ಬ್ಯಾಂಡ್‌ವಿಡ್ತ್ ಎನ್ನುವರು. ಅದು ಕಿರಿದಾದ ಕಡೆ, ಅಥವಾ ಒಂದೇ ಸಮಯದಲ್ಲಿ ಅನೇಕರು ಉಪಯೋಗಿಸುವ ಕಡೆ, ಪ್ರವಾಹವು ನಿಧಾನವಾಗುವುದು. ಮನೆಯೊಳಗೆ ತಂತಿಯಿಲ್ಲದೆ ಹಂಚುವ ಏರ್ಪಾಡಿಗೆ ವೈಫೈ ಎಂದು ಹೆಸರು.

ಆದರೆ ನೀರಿಗೂ ಇದಕ್ಕೂ ಒಂದು ಭೇದವುಂಟು. ಕಳುಹಿಸಿದ ಬರಹವು ಒಂದೇ ಧಾರೆಯಾಗಿ ಹರಿಯದೆ, ಸಾಮಾನ್ಯವಾಗಿ ೧,೫೦೦ ಬೈಟುಗಳಿಗೆ ಮೀರದ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುವುದು. ಪ್ರತಿಯೊಂದು ಪೊಟ್ಟಣದ ಮೇಲೂ ತಲಪಬೇಕಾದ ವಿಳಾಸವಿರುವುದು. ಒಂದು ದಾರಿ ಕಟ್ಟಿದರೆ ಅವು ಮತ್ತೊಂದು ದಾರಿಯನ್ನು ಹಿಡಿದು, ತಲಪಿದ ಮೇಲೆ ಮೊದಲಿನ ಕ್ರಮದಲ್ಲಿ ಜೋಡಣೆಯಾಗುವುವು.

ಕಾಲುವೆಯ ಆಚೆಯ ತುದಿಯಲ್ಲಿ, ಕೇಳಿದವರಿಗೆ ಕೇಳಿದ ಸಂಗತಿಯನ್ನು ಒದಗಿಸುವುದಕ್ಕಾಗಿ ಹಗಲಿರುಳೂ ನಡೆಯುತ್ತಿರುವ ಗಣಕಯಂತ್ರವೇ ಸರ್ವರು. 'ಮೇಘ' ಅಥವಾ ಕ್ಲೌಡ್ ಎಂಬ ಮಾತನ್ನು ಕೇಳಿ ಆಕಾಶದತ್ತ ನೋಡಬೇಕಾಗಿಲ್ಲ. ದೂರದ ಕಟ್ಟಡದಲ್ಲಿರುವ ಬೇರೆಯವರ ಸರ್ವರುಗಳಲ್ಲಿ ತಮ್ಮ ಕಡತವನ್ನು ಇಟ್ಟಿರುವುದಕ್ಕೆ ಆ ಹೆಸರು.

ತಾಲ್ಲೂಕು ಕಚೇರಿಯಲ್ಲಿ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತನ್ನು ಕೇಳದ ರೈತನು ಅಪರೂಪ. ಈ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಸರ್ವರೇ ನಿಂತಿರಬಹುದು, ಸರ್ವರು ಸರಿಯಾಗಿದ್ದು ನಡುವಣ ತಂತಿಯು ಕಡಿದಿರಬಹುದು, ಅಥವಾ ಎದುರಿಗಿರುವ ಯಂತ್ರವೇ ಕೆಟ್ಟಿರಬಹುದು. ಅದೇ ಯಂತ್ರದಲ್ಲಿ ಬೇರೊಂದು ತಾಣವು ತೆರೆಯುವುದಾದರೆ ಯಂತ್ರವೂ ದಾರಿಯೂ ಸರಿಯಾಗಿವೆಯೆಂದೂ, ತಡೆಯು ಆಚೆಯ ಕಡೆಯಲ್ಲಿದೆಯೆಂದೂ ಊಹಿಸಬಹುದು. ಯಾವ ತಾಣವೂ ತೆರೆಯದಿದ್ದಲ್ಲಿ ತಡೆಯು ಈಚೆಯದು. ಮುಖಂಡನು ಇಷ್ಟನ್ನು ತಿಳಿದು ವಿನಯದಿಂದ ವಿಚಾರಿಸಿದರೆ, ಹತ್ತು ಮಂದಿ ರೈತರ ಹತ್ತು ದಿನದ ಅಲೆದಾಟವು ತಪ್ಪೀತು.

೪. ತಾಣ, ವಿಳಾಸ ಮತ್ತು ಲಿಂಕು

ಅಂತರ್ಜಾಲವು ರಸ್ತೆಯಾದರೆ, ಆ ರಸ್ತೆಯ ಪಕ್ಕದಲ್ಲಿ ತೆರೆದಿರುವ ಕಚೇರಿಗಳೂ ಅಂಗಡಿಗಳೂ ಜಾಲತಾಣಗಳು ಅಥವಾ ವೆಬ್‌ಸೈಟುಗಳು. ಪುಟದಿಂದ ಪುಟಕ್ಕೆ ಸಾಗುವ ಈ ಜಾಲದ ಕಲ್ಪನೆಯನ್ನು ೧೯೮೯ರಲ್ಲಿ ಮುಂದಿಟ್ಟವರು ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲೇಯರು. ಆಗ ಅವರು ಜಿನೀವಾದ ಹತ್ತಿರ ಇರುವ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿದ್ದರು. ೧೯೯೩ರಲ್ಲಿ ಆ ಸಂಸ್ಥೆಯವರು ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಉಪಯೋಗಿಸಬಹುದೆಂದು ಪ್ರಕಟಿಸಿದರು.

ತಾಣಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರು ಎಂದು ಹೆಸರು. ವಿಳಾಸವು ತಿಳಿಯದಾಗ ಬೇಕಾದ ವಿಷಯವನ್ನು ಬರೆದು ಹುಡುಕಿಸುವ ತಾಣವು ಹುಡುಕುಯಂತ್ರ. ಗೂಗಲ್ ಎಂಬುದು ಇದಕ್ಕೆ ಉದಾಹರಣೆ. ಮುಟ್ಟಿದೊಡನೆ ಬೇರೊಂದು ಪುಟಕ್ಕೆ ಒಯ್ಯುವ ಬರಹವು ಲಿಂಕು. ತಾಣದಿಂದ ಕಡತವನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವುದು ಡೌನ್‌ಲೋಡು. ತಮ್ಮ ಕಡತವನ್ನು ತಾಣಕ್ಕೆ ಏರಿಸುವುದು ಅಪ್‌ಲೋಡು.

ಇವುಗಳಲ್ಲಿ ವಿಳಾಸವನ್ನು ಓದುವ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಹೊಸಹಳ್ಳಿಯೆಂಬ ಹೆಸರಿನ ಊರುಗಳು ನಾಡಿನಲ್ಲಿ ಎಷ್ಟೋ ಇವೆ. ಕಾಗದದ ಮೇಲೆ ಕೊನೆಯಲ್ಲಿ ಬರೆದ ತಾಲ್ಲೂಕು ಜಿಲ್ಲೆಗಳನ್ನು ನೋಡಿಯೇ ಅಂಚೆಯವರು ಅದು ಯಾವ ಹೊಸಹಳ್ಳಿಯೆಂದು ತೀರ್ಮಾನಿಸುವರು. ಜಾಲತಾಣದ ವಿಳಾಸದಲ್ಲಿಯೂ ನಿರ್ಣಾಯಕವಾದುದು ಹೆಸರಿನ ಕೊನೆಯ ಭಾಗ. ಮೊದಲ ಓರೆಗೆರೆಯು ಬರುವುದಕ್ಕೆ ಮುಂಚೆ 'ಜಿಓವಿ ಚುಕ್ಕೆ ಐಎನ್' ಎಂದು ಕೊನೆಗೊಳ್ಳುವ ಹೆಸರನ್ನು ಭಾರತದಲ್ಲಿ ಸರ್ಕಾರದ ಸಂಸ್ಥೆಗಳಿಗೆ ಮಾತ್ರ ಕೊಡುವರು. ಆ ಮಾತುಗಳು ಆರಂಭದಲ್ಲಿಯೋ ನಡುವೆಯೋ ಇದ್ದು, ಕೊನೆಯಲ್ಲಿ ಬೇರೆ ಹೆಸರಿದ್ದರೆ ಅದು ಸರ್ಕಾರದ ತಾಣವಲ್ಲ. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದ ಮಾತ್ರಕ್ಕೆ ತಾಣವನ್ನು ನಂಬತಕ್ಕದ್ದಲ್ಲ. ನಡುದಾರಿಯಲ್ಲಿ ಬರಹವನ್ನು ಬೇರೆಯವರು ಓದಲಾರರೆಂದಷ್ಟೇ ಆ ಬೀಗದ ಅರ್ಥ. ಆಚೆ ಕುಳಿತವನು ಪ್ರಾಮಾಣಿಕನೆಂದು ಅರ್ಥವಲ್ಲ. ಕಳ್ಳನೂ ತನ್ನ ಮನೆಗೆ ಬೀಗ ಹಾಕಬಲ್ಲನು.

೫. ಉದಾಹರಣೆ: ಪಹಣಿ ಮತ್ತು ಮಂಡಿ

ಮೇಲಿನ ಮಾತುಗಳೆಲ್ಲವೂ ಒಂದೇ ಕಡೆ ಕೆಲಸಮಾಡುವುದನ್ನು ನೋಡಬೇಕಾದರೆ 'ಭೂಮಿ' ಯೋಜನೆಗಿಂತ ಉತ್ತಮವಾದ ಉದಾಹರಣೆಯಿಲ್ಲ. ಕರ್ನಾಟಕ ಸರ್ಕಾರದವರು ೨೦೦೦ದ ಸುಮಾರಿನಲ್ಲಿ, ಅದುವರೆಗೆ ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ೨ ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ತುಂಬಿಸಿದರು. ತಾಲ್ಲೂಕು ಕೇಂದ್ರದಲ್ಲಿ ಆಗ ೧೫ ರೂಪಾಯಿ ಶುಲ್ಕಕ್ಕೆ ಅಚ್ಚಾದ ಪಹಣಿಯು ದೊರೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆಯು ತಪ್ಪಿತು. ದಾಖಲೆಯನ್ನು ಬದಲಾಯಿಸುವ ಅಧಿಕಾರಿಯು ತನ್ನ ಬೆರಳ ಗುರುತನ್ನು ಕೊಟ್ಟೇ ಯಂತ್ರದೊಳಗೆ ಪ್ರವೇಶಿಸಬೇಕೆಂದು ಏರ್ಪಡಿಸಿದುದರಿಂದ, ಯಾರು ಏನು ಮಾಡಿದರೆಂಬುದಕ್ಕೆ ಗುರುತು ಉಳಿಯುವಂತಾಯಿತು.

ಈಗ ಕಂದಾಯ ಇಲಾಖೆಯ ಭೂದಾಖಲೆಗಳ ತಾಣವನ್ನು ಬ್ರೌಸರಿನಲ್ಲಿ ತೆರೆದು, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವುಗಳನ್ನು ಕ್ರಮವಾಗಿ ಆರಿಸಿದರೆ, ಆ ಪ್ರಶ್ನೆಯು ಪೊಟ್ಟಣಗಳಾಗಿ ಸರ್ವರಿಗೆ ಹೋಗಿ, ಉತ್ತರವು ಪಹಣಿಯ ರೂಪದಲ್ಲಿ ಪರದೆಯ ಮೇಲೆ ಬರುವುದು. ಮೊದಲು ಮಾಲೀಕನ ಹೆಸರೂ ವಿಸ್ತೀರ್ಣವೂ ಇರುವ ೯ನೆಯ ಕಲಮನ್ನೂ, ಬಳಿಕ ಇತರ ಹಕ್ಕುಗಳೂ ಋಣಗಳೂ ಇರುವ ೧೧ನೆಯ ಕಲಮನ್ನೂ, ಸಾಗುವಳಿ ಮತ್ತು ಬೆಳೆಯ ವಿವರವಿರುವ ೧೨ನೆಯ ಕಲಮನ್ನೂ ನೋಡತಕ್ಕದ್ದು. ತೀರಿಸಿದ ಸಾಲವು ಇನ್ನೂ ಋಣದ ಕಲಮಿನಲ್ಲಿ ಉಳಿದಿರುವುದು, ತೀರಿಹೋದ ತಂದೆಯ ಹೆಸರೇ ಮುಂದುವರಿದಿರುವುದು, ಹಾಕಿದ ಬೆಳೆ ಒಂದಾದರೆ ನಮೂದಾದ ಬೆಳೆ ಇನ್ನೊಂದಾಗಿರುವುದು, ಇಂಥವನ್ನು ಮನೆಯಲ್ಲಿ ಕುಳಿತೇ ಕಂಡುಕೊಳ್ಳಬಹುದು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಯಂತ್ರವು ಲೆಕ್ಕದಲ್ಲಿ ತಪ್ಪದೆ ಇರಬಹುದು. ಸತ್ಯಾಸತ್ಯವನ್ನು ಅದು ಅರಿಯದು. ತುಂಬಿದವರು ಹೆಸರಿನಲ್ಲಿ ಒಂದಕ್ಷರವನ್ನು ತಪ್ಪಿ ಒತ್ತಿದ್ದರೆ ಆ ತಪ್ಪನ್ನೇ ಅದು ವರ್ಷವರ್ಷವೂ ಅಚ್ಚುಕಟ್ಟಾಗಿ ಅಚ್ಚುಮಾಡಿ ಕೊಡುವುದು. ಆಧಾರ್ ಚೀಟಿಯಲ್ಲಿ ಒಂದು ಹೆಸರೂ ಪಹಣಿಯಲ್ಲಿ ಇನ್ನೊಂದು ಹೆಸರೂ ಇದ್ದುದರಿಂದಲೇ ಸಹಾಯಧನವು ನಿಂತುಹೋದ ಸಂದರ್ಭಗಳು ಹಳ್ಳಿಗಳಲ್ಲಿ ಹೊಸತಲ್ಲ. 'ಕಂಪ್ಯೂಟರಿನಲ್ಲಿ ಹಾಗೇ ಇದೆ' ಎಂಬ ಉತ್ತರಕ್ಕೆ ಸುಮ್ಮನಾಗದೆ, ಆಧಾರದ ಕಾಗದಗಳೊಡನೆ ತಹಸೀಲ್ದಾರರಿಗೆ ತಿದ್ದುಪಡಿಯ ಅರ್ಜಿಯನ್ನು ಕೊಡಬೇಕು. ಬೆಳೆಯ ನಷ್ಟವಾಗಿ ಪರಿಹಾರವು ಬರುವ ಕಾಲಕ್ಕೆ ಕಾಯದೆ, ಬಿಡುವಿನ ದಿನಗಳಲ್ಲಿಯೇ ಇದನ್ನು ಸರಿಪಡಿಸಿಕೊಳ್ಳುವುದು ಜಾಣತನ.

ಮಾರುಕಟ್ಟೆಯಲ್ಲಿಯೂ ಇದೇ ಕ್ರಮವು ಬಂದಿದೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯು ೨೦೧೪ರಲ್ಲಿಯೂ, ಅಖಿಲ ಭಾರತದ ರಾಷ್ಟ್ರೀಯ ಕೃಷಿ ಮಾರುಕಟ್ಟೆಯು ೨೦೧೬ರಲ್ಲಿಯೂ ಆರಂಭವಾದುವು. ಮಂಡಿಗೆ ಬಂದ ಮಾಲಿಗೆ ಲಾಟು ನಂಬರನ್ನು ಕೊಟ್ಟು, ವರ್ತಕರು ತಮ್ಮ ತಮ್ಮ ಧಾರಣೆಯನ್ನು ಒಬ್ಬರದು ಒಬ್ಬರಿಗೆ ಕಾಣದಂತೆ ಯಂತ್ರದಲ್ಲಿ ನಮೂದಿಸುವರು. ಇದಕ್ಕೆ ಇ-ಟೆಂಡರು ಎಂದು ಹೆಸರು. ಧಾರಣೆಯು ಒಪ್ಪಿಗೆಯಾಗದಿದ್ದಲ್ಲಿ ಮಾಲನ್ನು ಮಾರದೆ ಇಟ್ಟುಕೊಳ್ಳುವ ಸ್ವಾತಂತ್ರ್ಯವು ರೈತನಿಗುಂಟು. ಆದರೆ ಅದಕ್ಕೆ ಮೊಬೈಲಿಗೆ ಬಂದ ಸಂದೇಶವನ್ನು ಓದಲು ಬರಬೇಕು.

೬. ಬೀಗ ಮತ್ತು ಬೀಗದಕೈ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತುಗಳು. ಯಂತ್ರವು ಮುಖವನ್ನು ನೋಡಿ ದೊಡ್ಡವರು ಚಿಕ್ಕವರೆಂದು ಗೌರವಿಸುವುದಿಲ್ಲ. ಬೀಗದಕೈಯನ್ನು ತಂದವನೇ ಯಜಮಾನನೆಂದು ತಿಳಿಯುವುದು.

ಬಳಕೆದಾರನ ಹೆಸರು, ಎಂದರೆ ಯೂಸರ್ ಐ.ಡಿ., ಮನೆಯ ನಂಬರಿದ್ದಂತೆ. ಇತರರಿಗೆ ತಿಳಿದರೂ ದೊಡ್ಡ ಹಾನಿಯಿಲ್ಲ. ಪಾಸ್‌ವರ್ಡು ಎಂದರೆ ಗುಪ್ತಪದ, ಇದು ಬೀಗದಕೈ. ಹುಟ್ಟಿದ ವರ್ಷ, ಮಗನ ಹೆಸರು, ಮೊಬೈಲಿನ ನಂಬರು ಇವನ್ನೇ ಗುಪ್ತಪದವಾಗಿ ಇಟ್ಟುಕೊಂಡರೆ ಊರಿನವರೆಲ್ಲರೂ ಅದನ್ನು ಊಹಿಸಬಲ್ಲರು. ಪಿನ್ನು ಎಂಬುದು ಅಂಕೆಗಳಿಂದಾದ ಗುಪ್ತಪದ. ಒ.ಟಿ.ಪಿ. ಎಂದರೆ ಒಂದೇ ಸಲ, ಅದೂ ಕೆಲವೇ ನಿಮಿಷಗಳವರೆಗೆ ಸಲ್ಲುವ ಗುಪ್ತಸಂಖ್ಯೆ. ಹಣವನ್ನು ತೆಗೆಯುವುದಕ್ಕೋ ದಾಖಲೆಯನ್ನು ಬದಲಾಯಿಸುವುದಕ್ಕೋ ಯಾರಾದರೂ ಪ್ರಯತ್ನಿಸಿದಾಗ, 'ಇದು ನಿಮ್ಮ ಒಪ್ಪಿಗೆಯಿಂದಲೇ ನಡೆಯುತ್ತಿದೆಯೆ?' ಎಂದು ಯಂತ್ರವು ನಿಜವಾದ ಮಾಲೀಕನ ಮೊಬೈಲಿಗೆ ಅದನ್ನು ಕಳುಹಿಸುವುದು. ಅದನ್ನು ಇನ್ನೊಬ್ಬನಿಗೆ ಹೇಳುವುದೆಂದರೆ ಬರಿಯ ಕಾಗದಕ್ಕೆ ರುಜು ಹಾಕಿ ಕೊಟ್ಟಂತೆ.

೨೦೧೬ರಲ್ಲಿ ಆರಂಭವಾದ ಯು.ಪಿ.ಐ. ಎಂಬ ಏರ್ಪಾಡಿನಿಂದ ಒಂದು ಬ್ಯಾಂಕಿನ ಲೆಕ್ಕದಿಂದ ಇನ್ನೊಂದಕ್ಕೆ ಕ್ಷಣಮಾತ್ರದಲ್ಲಿ ಹಣವು ಹೋಗುವುದು. ಅಂಗಡಿಗಳಲ್ಲಿ ಕಾಣುವ ಕಪ್ಪು ಬಿಳುಪಿನ ಚೌಕಗಳ ಗುರುತಿಗೆ ಕ್ಯೂ.ಆರ್. ಕೋಡು ಎಂದು ಹೆಸರು. ೧೯೯೪ರಲ್ಲಿ ಜಪಾನಿನಲ್ಲಿ ಮೋಟಾರು ಗಾಡಿಯ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ ಇದನ್ನು ನಿರ್ಮಿಸಿದರು. ಈ ವಿಷಯದಲ್ಲಿ ನೆನಪಿಡತಕ್ಕ ಸೂತ್ರವು ಒಂದೇ: ಹಣವನ್ನು ಕೊಡುವವನು ಪಿನ್ನನ್ನು ಒತ್ತಬೇಕು, ಹಣವನ್ನು ಪಡೆಯುವವನು ಏನನ್ನೂ ಒತ್ತಬೇಕಾಗಿಲ್ಲ. 'ನಿಮಗೆ ಹಣ ಬರಬೇಕಾದರೆ ಪಿನ್ನು ಒತ್ತಿ' ಎಂದವನು ಮೋಸಗಾರನೆಂದು ನಿಸ್ಸಂದೇಹವಾಗಿ ತಿಳಿಯಬಹುದು.

೭. ಮೋಸವು ಬರುವ ದಾರಿ

ಮೋಸವು ಹೆಚ್ಚಾಗಿ ಯಂತ್ರವನ್ನು ಒಡೆದು ಬರುವುದಿಲ್ಲ, ಮಾತನಾಡಿಸಿಕೊಂಡು ಬರುವುದು. ರೈತನೊಬ್ಬನಿಗೆ ಬೆಳಗಿನ ಹೊತ್ತು ಕರೆ ಬರುವುದು. 'ನಮಸ್ಕಾರ ಯಜಮಾನರೇ, ಬ್ಯಾಂಕಿನಿಂದ ಮಾತಾಡ್ತಿದ್ದೇವೆ. ನಿಮ್ಮ ಖಾತೆ ಇವತ್ತು ಬಂದ್ ಆಗುತ್ತೆ. ಈಗ ಬಂದಿರೋ ಆರು ಅಂಕಿ ಹೇಳಿದರೆ ಸರಿಮಾಡಿಕೊಡ್ತೇವೆ' ಎಂದು ಆಚೆಯವನು ಗೌರವದಿಂದ ನುಡಿಯುವನು. ಅವಸರವೂ ಭಯವೂ ಈ ಮಾತಿನ ಎರಡು ಕಾಲುಗಳು. ಅಂಕೆಗಳನ್ನು ಹೇಳಿದೊಡನೆ, ರಾಗಿ ಮಾರಿ ಕೂಡಿಟ್ಟ ಹಣವು ಬೇರೊಂದು ಲೆಕ್ಕಕ್ಕೆ ಹೋಗಿಬಿಡುವುದು.

ಎರಡನೆಯ ಬಗೆಯು ಸಂದೇಶದ ಮೂಲಕ ಬರುವುದು. ೨೦೧೯ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ಹೆಸರನ್ನು ಹಾಕಿ, ಕಂತಿನ ಹಣಕ್ಕಾಗಿ ಇದನ್ನು ಇಳಿಸಿಕೊಳ್ಳಿರೆಂದು ವಾಟ್ಸ್‌ಆ್ಯಪಿನಲ್ಲಿ ಒಂದು ಕಡತವನ್ನು ಕಳುಹಿಸುವರು. ಆ ಕಡತದ ಹೆಸರು 'ಎ.ಪಿ.ಕೆ.' ಎಂದು ಕೊನೆಗೊಳ್ಳುವುದು. ಎ.ಪಿ.ಕೆ. ಎಂದರೆ ಚಿತ್ರವೂ ಅಲ್ಲ, ಅರ್ಜಿಯೂ ಅಲ್ಲ. ಅದು ಒಂದು ಆ್ಯಪು. ಅದನ್ನು ಒಳಕ್ಕೆ ಬಿಟ್ಟುಕೊಂಡು, ಅದು ಕೇಳಿದ ಅನುಮತಿಗಳಿಗೆಲ್ಲಾ ಒಪ್ಪಿದರೆ, ಮೊಬೈಲಿಗೆ ಬರುವ ಒ.ಟಿ.ಪಿ.ಗಳನ್ನು ಅದೇ ಓದಿ ಕಳ್ಳನಿಗೆ ಕಳುಹಿಸಬಲ್ಲದು. ನೆಂಟರೇ ಕಳುಹಿಸಿದ್ದರೂ ಅಂಥ ಕಡತವನ್ನು ತೆರೆಯಕೂಡದು. ಅವರ ಮೊಬೈಲೇ ಮೊದಲು ಕಳ್ಳನ ವಶವಾಗಿರಬಹುದು.

ಮೂರನೆಯದು ಬೆರಳಗುರುತಿನ ಮೋಸ. ಯಾವ ಕೆಲಸಕ್ಕೆಂದು ವಿಚಾರಿಸದೆ, ಕಂಡಕಂಡ ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತತಕ್ಕದ್ದಲ್ಲ. ಆಧಾರಿಗೆ ಸೇರಿದ ಬೆರಳಗುರುತಿಗೆ ಬೀಗ ಹಾಕಿ, ಬೇಕಾದಾಗ ಮಾತ್ರ ತೆರೆಯುವ ಸೌಕರ್ಯವನ್ನು ಆಧಾರ್ ಪ್ರಾಧಿಕಾರದವರೇ ಕಲ್ಪಿಸಿರುವರು.

ಅಕಸ್ಮಾತ್ತಾಗಿ ಮೋಸವಾದಲ್ಲಿ ನಾಚಿಕೆಯಿಂದ ಮುಚ್ಚಿಡುವುದು ಎರಡನೆಯ ನಷ್ಟ. ಒಡನೆಯೇ ೧೯೩೦ ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣವು ಲೆಕ್ಕದಿಂದ ಲೆಕ್ಕಕ್ಕೆ ಹಾರುತ್ತಾ ಹೋಗುವುದರಿಂದ, ಅದು ಕಳ್ಳನ ಕೈಗೆ ನಗದಾಗಿ ಸೇರುವುದಕ್ಕೆ ಮುಂಚೆ ತಡೆದರೆ ಮಾತ್ರ ಉಳಿದೀತು. ಆದುದರಿಂದ ಮೊದಲ ಗಂಟೆಯಲ್ಲಿ ಮಾಡಿದ ದೂರಿಗೆ ಇರುವ ಬಲವು ಮೂರನೆಯ ದಿನದ ದೂರಿಗೆ ಇಲ್ಲ.

೮. ಗ್ರಾಮ ಮುಖಂಡರು ಮಾಡತಕ್ಕ ಕೆಲಸ

ಊರಿಗೆ ರೋಗವು ಬಂದಾಗ ದನಗಳಿಗೆ ಚುಚ್ಚುಮದ್ದು ಹಾಕಿಸುವುದಕ್ಕೆ ಮುಂದಾಗುವ ಮುಖಂಡರು ಈ ವಿಷಯದಲ್ಲಿಯೂ ಮುಂದಾಗಬೇಕು. ಇದಕ್ಕೆ ಹಣದ ವೆಚ್ಚವಿಲ್ಲ. ತಿಂಗಳಿಗೆ ಒಂದು ಸಂಜೆಯು ಸಾಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಗಣಕಯಂತ್ರವಿದ್ದರೆ ಅಲ್ಲಿ, ಇಲ್ಲದಿದ್ದರೆ ಚಾವಡಿಯಲ್ಲಿ ಜನರನ್ನು ಸೇರಿಸಿ, ಓದು ಬಲ್ಲ ಹುಡುಗ ಹುಡುಗಿಯರಿಂದ ಈ ಕೆಳಗಿನ ಕೆಲಸಗಳನ್ನು ಮಾಡಿಸಬಹುದು.

ಮೊದಲನೆಯದಾಗಿ, ಪ್ರತಿಯೊಬ್ಬ ಹಿಡುವಳಿದಾರನ ಪಹಣಿಯನ್ನೂ ವರ್ಷಕ್ಕೆ ಎರಡು ಸಲವಾದರೂ ತೆರೆದು ಓದಿ ಹೇಳುವುದು.

ಎರಡನೆಯದಾಗಿ, ಆಧಾರಿಗೂ ಬ್ಯಾಂಕಿಗೂ ಕೊಟ್ಟಿರುವ ಮೊಬೈಲು ನಂಬರು ಈಗಲೂ ಅವರ ಕೈಯಲ್ಲಿದೆಯೇ ಎಂದು ವಿಚಾರಿಸುವುದು. ಪಟ್ಟಣಕ್ಕೆ ಹೋದ ಮಗನ ನಂಬರನ್ನೋ, ಬಿಟ್ಟುಹೋದ ಹಳೆಯ ನಂಬರನ್ನೋ ಕೊಟ್ಟಿದ್ದರೆ, ಒ.ಟಿ.ಪಿ.ಯು ಬೇರೆಯವರಿಗೆ ಹೋಗುವುದು.

ಮೂರನೆಯದಾಗಿ, ಸೇವಾಕೇಂದ್ರದಲ್ಲಿ ಇತರರಿಂದ ಅರ್ಜಿ ಹಾಕಿಸುವವರು ಯಂತ್ರದ ಎದುರಿಗೇ ನಿಂತು, ಬಂದ ಸಂದೇಶವನ್ನು ಮೊದಲು ತಾವು ಓದಿ ಅಥವಾ ನಂಬಿಕೆಯವರಿಂದ ಓದಿಸಿ, ಅದು ತಾವು ಹೇಳಿದ ಕೆಲಸಕ್ಕೇ ಸಂಬಂಧಿಸಿದೆಯೆಂದು ಖಚಿತಪಡಿಸಿಕೊಂಡ ಮೇಲೆ ತಾವೇ ಅಂಕೆಗಳನ್ನು ಒತ್ತುವ ಅಭ್ಯಾಸವನ್ನು ಮಾಡಿಸುವುದು. ಸ್ವೀಕೃತಿಯ ಸಂಖ್ಯೆಯನ್ನು ಕೇಳಿ ಪಡೆಯುವುದು.

ನಾಲ್ಕನೆಯದಾಗಿ, ೧೯೩೦ ಎಂಬ ಸಂಖ್ಯೆಯನ್ನು ಡೈರಿಯ ಗೋಡೆಯ ಮೇಲೆಯೂ, ಸಹಕಾರ ಸಂಘದ ಬಾಗಿಲಿನ ಮೇಲೆಯೂ ದೊಡ್ಡ ಅಕ್ಷರಗಳಲ್ಲಿ ಬರೆಸುವುದು.

ಹಿಂದೆ ಅಕ್ಷರ ಬಾರದವನು ಬರೆದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲವನ್ನು ಕಳೆದುಕೊಂಡ ಕಥೆಗಳನ್ನು ಪ್ರತಿಯೊಂದು ಊರಿನ ಹಿರಿಯರೂ ಬಲ್ಲರು. 'ಏನು ಬರೆದಿದೆ, ಓದಿ ಹೇಳು' ಎಂದು ಕೇಳಿದ ಮನೆಗಳು ಉಳಿದವು. ಕೇಳಲು ಸಂಕೋಚಪಟ್ಟ ಮನೆಗಳು ಸೋತವು. ಯಂತ್ರವು ಹೊಸದಾದರೂ ನೀತಿಯು ಹಳೆಯದೇ. ತಿಳಿಯದ ಮಾತನ್ನು ಕೇಳಿ ತಿಳಿಯುವುದರಲ್ಲಿ ಯಾವ ವಯಸ್ಸಿನವರಿಗೂ ಕುಂದಿಲ್ಲ. ತಿಳಿಯದೆ ಒತ್ತಿದ ಒಂದು ಗುಂಡಿಯಿಂದ ವರ್ಷದ ಬೆಳೆಯೇ ಹೋಗಬಹುದು. ಜಮೀನುದಾರರು ಈ ಕೆಲವು ಮಾತುಗಳನ್ನು ತಾವು ಅರಿತು, ನೆರೆಯವರಿಗೂ ಮನೆಯ ಹೆಂಗಸರಿಗೂ ತಿಳಿಯಹೇಳಿದರೆ, ಯಂತ್ರವು ಮನೆಯ ಆಳಿನಂತೆ ದುಡಿಯುವುದು. ಇಲ್ಲವಾದರೆ ಅದು ಪರರ ಆಳಾಗಿ ಮನೆಯೊಳಗೆ ಇರುವುದು.